ಮರೆ

ನೆಲಮಾಳಿಗೆಯಲ್ಲಿ ನನಗೊಂದು ಮೇಜು ಕೊಟ್ಟರು, ಒಂದು ಕಾಲು ಗಿಡ್ಡ;
ಪಾರ್ಕಿಂಗ್ ಚೀಟಿ ಮಡಚಿ ಅದರಡಿ ತುರುಕಿದೆ.
ರಾಜಧಾನಿಯಿಂದ ಬಂದ ತಪಾಸಣೆಯವಳು ನಾನು.
ಕಾಫಿ ಬೇಕೇ ಎಂದು ಯಾರೂ ಕೇಳಲಿಲ್ಲ,
ಯಂತ್ರ ಅಲ್ಲಿದೆ ಎಂದು ಬೆರಳು ತೋರಿದರು.

ಹೊರಗೆ ಬಾದಾಮಿ ತೋಟಗಳ ಮೇಲೆ ಡಿಸೆಂಬರಿನ ಮಂಜು,
ಟ್ರಕ್ಕುಗಳು ಹಗಲಲ್ಲೇ ದೀಪ ಹಚ್ಚಿಕೊಂಡು ತಡವರಿಸುತ್ತವೆ.
ಒಳಗೆ ಎಂಟುನೂರ ಹನ್ನೆರಡು ಅರ್ಜಿ:
ಅಂಗಿಯಡಿ, ಕೈಚೀಲದ ಒಳಜೇಬಲ್ಲಿ, ಕಣಕಾಲಿನ ಪಟ್ಟಿಯಲ್ಲಿ
ಕಾಣದ ಹಾಗೆ ಪಿಸ್ತೂಲು ಇಟ್ಟುಕೊಂಡು ಓಡಾಡಲು
ಕೌಂಟಿಯ ಶೆರಿಫನ ಒಂದು ಸಹಿ ಬೇಡುವವರು.

ಪಿಸ್ತೂಲು ಬೇಕೋ ಬೇಡವೋ, ನನ್ನನ್ನು ಯಾರೂ ಕೇಳಿಲ್ಲ.
ಕೇಳಿದರೆ ಹೇಳಿಯೇನು: ಅಪ್ಪನ ಡ್ರಾಯರಿನಲ್ಲಿ ಒಂದಿತ್ತು.
ಅಷ್ಟೇ ಹೇಳಿಯೇನು.
ನನ್ನ ಕೆಲಸ ಸಣ್ಣದು: ಅಳೆದ ಸೇರು ಎಲ್ಲರಿಗೂ ಒಂದೇನಾ ಎಂದು ನೋಡುವುದು.

ನೆಟ್ಟಿ ಪೊಗ್, ಇಪ್ಪತ್ತೆರಡು ವರ್ಷದ ಗುಮಾಸ್ತೆ,
ಭುಜದ ಮೇಲೆ ಸ್ವೆಟರ್ ಇಳಿಬಿಟ್ಟು ಪೆಟ್ಟಿಗೆ ತಂದಿಡುತ್ತಾಳೆ.
'ನಮ್ಮಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು' ಅನ್ನುತ್ತಾಳೆ,
ಅದೇ ನಿಯಮವೆಂಬಂತೆ.

ಬಲ್ಲೆ, ನೆಟ್ಟಿ. ಓದುತ್ತಿದ್ದೇನೆ.
ಟ್ರ್ಯಾಕ್ಟರ್ ಡೀಲರು: ಕಾರಣದ ಜಾಗದಲ್ಲಿ 'ರಕ್ಷಣೆ', ಒಂದೇ ಪದ,
ಅದರಲ್ಲೂ ಒಂದು ಅಕ್ಷರ ತಪ್ಪು. ಒಂಬತ್ತು ದಿನಕ್ಕೆ ಮಂಜೂರು.
ಹಲ್ಲಿನ ಡಾಕ್ಟರು: ಕಾರಣವೇ ಇಲ್ಲ, ಹಳದಿ ಚೀಟಿಯೊಂದಿದೆ,
'ಬಾರ್ಬೆಕ್ಯೂಗೆ ಬಂದಿದ್ದರು' ಎಂದು. ಆರು ದಿನ.
ಬೆರಳಚ್ಚಿನ ವರದಿ ಬರುವ ಮೊದಲೇ ಸಹಿ ಬಿದ್ದವು ನಲವತ್ತೊಂದು.
ಚುನಾವಣೆಯ ದೇಣಿಗೆ ಪಟ್ಟಿ ಪಕ್ಕದಲ್ಲೇ ಬಿಚ್ಚಿಟ್ಟಿದ್ದೇನೆ,
ಎರಡು ಬೆರಳು ಎರಡು ಹಾಳೆಯ ಮೇಲೆ ಜೊತೆಜೊತೆಗೆ ಇಳಿಯುತ್ತವೆ,
ಒಂದೇ ಮೆಟ್ಟಿಲು ಇಳಿವ ಗಂಡಹೆಂಡಿರ ಹಾಗೆ.
ಇದು ಬೆಣ್ಣೆಯ ಪೆಟ್ಟಿಗೆ. ಸುಣ್ಣದ್ದು ಹಿಂದಿದೆ, ಭಾರ ಹೆಚ್ಚು.

ಅದರಲ್ಲಿ ಒಫೀಲಿಯಾ ಬರಿಯೆಂಟೋಸ್.
ಪ್ಯಾಕಿಂಗ್ ಶೆಡ್ಡಿನ ರಾತ್ರಿ ಪಾಳಿ; ನಾಲ್ಕು ಪುಟ, ನೀಲಿ ಶಾಯಿ,
ಮೂರನೆಯ ಪುಟದಲ್ಲಿ ಪೆನ್ನು ಬದಲಾಗಿದೆ.
ಬಿಟ್ಟುಬಂದ ಗಂಡ ಶೆಡ್ಡಿನೆದುರು ಎಂಜಿನ್ ಆರಿಸದೆ ಕಾಯುವುದು,
ಬಾಗಿಲ ಬಳಿ ಇಟ್ಟುಹೋಗುವ ಅವಳದೇ ಹಳೆಯ ಚಪ್ಪಲಿ,
ಹತ್ತಿರ ಸುಳಿಯಕೂಡದೆಂಬ ಕೋರ್ಟಿನ ಆದೇಶ, ಪಿನ್ನು ಹೊಡೆದು.
ಇನ್ನೂರ ಹದಿನಾಲ್ಕು ದಿನ. ಆಮೇಲೆ ರಬ್ಬರ್ ಮೊಹರು:
'ಕಾರಣ ಸಾಲದು.'

ಆದೇಶದಲ್ಲಿದ್ದ ಹೆಸರನ್ನು ಬರೆದುಕೊಂಡಿದ್ದೆ, ಅಭ್ಯಾಸಬಲ.
ಸಂಜೆ ನಾಲ್ಕೂವರೆಗೆ, ಎರಡು ಡ್ರಾಯರು ಕೆಳಗೆ,
ಗಾರ್ತ್ ಟಿಸ್ಡೇಲ್. ಮಂಜೂರು. ಚಾಲ್ತಿಯಲ್ಲಿದೆ.
ಆದೇಶ ಬಂದ ದಿನವೇ ರದ್ದಾಗಬೇಕಿತ್ತು.
ಮರೆಯಲ್ಲಿಡಲು ಕೊಟ್ಟದ್ದನ್ನು ಕೊಟ್ಟವರೇ ಮರೆತಿದ್ದರು.
ಅವಳ ಕಾಗದ ಅವಳ ಫೈಲಿನಲ್ಲಿ, ಅವನದು ಅವನದರಲ್ಲಿ,
ನಡುವೆ ಒಂದು ಮೊಳ ತಗಡು.
'ಅಯ್ಯೋ, ಎರಡನ್ನೂ ಜೊತೆಗಿಟ್ಟು ಯಾರು ನೋಡುತ್ತಾರೆ?' ಎಂದಳು ನೆಟ್ಟಿ.
ಆಮೇಲೆ ಸ್ವೆಟರಿನ ಗುಂಡಿ ಹಾಕಿಕೊಂಡಳು, ಮೇಲಿನಿಂದ ಕೆಳಗೆ, ಎಲ್ಲವನ್ನೂ.

ರಾಜಧಾನಿಗೆ ಫೋನು ಮಾಡಿದೆ. ನಾಳೆ ಬೆಳಗ್ಗೆ ನೋಡೋಣ ಎಂದರು.
ನಾಳೆಗೆ ಮುಂಚೆ ಒಂದು ರಾತ್ರಿ ಪಾಳಿ ಇದೆ, ಎಂದೆ.

ಗುರುವಾರ ಅವಳ ಮನೆಗೆ ಹೋದೆ, ಪ್ರಶ್ನಾವಳಿ ಹಿಡಿದು.
ಬಾಗಿಲಲ್ಲಿ ನಾಯಿ, ಕರಡಿಯಷ್ಟು. 'ಈಗ ಪರ್ಮಿಟ್ಟು ಬೇಡ,
ಇದಕ್ಕೆ ಕಾರಣ ಬರೆದುಕೊಡಬೇಕಿಲ್ಲ' ಎಂದಳು.
ಅರ್ಜಿ ತೆಗೆದುಕೊಂಡವರು ಸೌಜನ್ಯದಿಂದ ನಡೆದುಕೊಂಡರೇ, ಒಂದರಿಂದ ಐದು?
ಮೂರು ಹಾಕಿ, ಎಂದಳು. ಆಮೇಲೆ ಕೇಳಿದಳು:
'ಅವನ ಹತ್ತಿರ ಇತ್ತಾ?'

ಬೇರೆಯವರ ಕಡತ ಹೊರಗೆಡಹುವಂತಿಲ್ಲ, ಆ ಕಲಮು ನನಗೆ ಬಾಯಿಪಾಠ.
ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ, ಹಾಕಿದೆ.
ಅವಳು ಮುಚ್ಚಳವನ್ನೇ ನೋಡುತ್ತಿದ್ದಳು.
'ಸರಿ' ಎಂದಳು,
ಉತ್ತರ ಬರೆದುಕೊಂಡವಳ ಹಾಗೆ.