ಆರಕ್ಷರದ ಕಟ್ಟಳೆ

ಕುತಾಯಿಸಿಯಲ್ಲಿ, ರಿಯೋನಿ ನದಿಯನ್ನು ಅಳೆಯುವ ಕಚೇರಿಯಲ್ಲಿ
ಹಳೆಯ ಲೆಕ್ಕವನ್ನು ಹೊಸ ಭಾಷೆಗೆ ದಾಟಿಸುವ ಕೆಲಸ ನನಗೆ ಬಂತು.
ಹಳದಿ ಕಾಗದ. ಅಂಚಿಗೆ ಸಾಲು ತೂತು.
ಬರೆದವಳು ಝುಝುನಾ, ಕೆಲಸ ಬಿಟ್ಟು ಇಪ್ಪತ್ತೆರಡು ವರ್ಷ.

ಆ ಭಾಷೆ ಬಲು ಮಡಿ.
ಹೆಸರಿಗೆ ಆರೇ ಅಕ್ಷರ, ಅದೂ ಲ್ಯಾಟಿನ್ನಿನ ದಪ್ಪಕ್ಷರ.
ಅಂಕಿಯಿಂದ ಶುರುವಾಗಕೂಡದು.
ನಮ್ಮ ಮೂವತ್ತಮೂರು ದುಂಡಕ್ಷರಗಳಿಗೆ ಹೊಸ್ತಿಲೊಳಗೆ ಜಾಗವಿಲ್ಲ.
ಇಷ್ಟಾದರೆ ಸಹಿಸಬಹುದಿತ್ತು. ಇನ್ನೊಂದಿತ್ತು:
ಐ, ಜೆ, ಕೆ, ಎಲ್, ಎಮ್, ಎನ್,
ಇವುಗಳಲ್ಲೊಂದು ತಲೆಗಿದ್ದರೆ ಆ ಹೆಸರು ಪೂರ್ಣಾಂಕ.
ಉಳಿದವೆಲ್ಲ ಬಿಂದುವಿನ ಜನ,
ಚೂರುಪಾರು ಇಟ್ಟುಕೊಳ್ಳಬಹುದು.

ಬೇರೆ ಜಾತಕ ಬೇಡ. ಹೆಸರಿಟ್ಟ ಗಳಿಗೆಯೇ ಹಣೆಬರಹ.
ಕಚೇರಿಯಲ್ಲಿ ಆಗ ನೆಸ್ತಾನ್ ಇಡಿ, ಲಮಾರಾ ಇಡಿ,
ಝುಝುನಾ ಮಾತ್ರ ಭಿನ್ನ.
ಸಾಲದ್ದಕ್ಕೆ ಅವಳಿಗೆ ಎಂಟಕ್ಷರ ಬೇಕು;
ಯಂತ್ರ ಝುಝು ಎಂದು ಕರೆದು ಉಳಿದದ್ದನ್ನು ನುಂಗಿತು.

ಮನೆಗೆ ಹೋದಾಗ ಹೇಜಲ್ ಕಾಯಿ ಒಡೆಯುತ್ತಿದ್ದಳು.
ಎಕ್ಸ್‌ಮುರ್ಮಾ ಅಂದರೇನು, ಕೇಳಿದೆ.
ನಾನ್ನೂರ ಹನ್ನೊಂದು ಕಡೆ ಬರುತ್ತದೆ,
ರೂಢನಾಮವಲ್ಲ, ಅನ್ವರ್ಥವಂತೂ ಅಲ್ಲ.
"ಅಂಕಿತ," ಅಂದಳು. ಇನ್ನೊಂದು ಕಾಯಿ ಒಡೆದಳು.

"ಮುರ್ಮಾನ್ ದೋಣಿ ಹುಡುಗ. ಸೇತುವೆ ಕಾಲಿಗೆ ಬಳಿದ ಗೆರೆ ಓದಿ
ದಡಕ್ಕೆ ಕೂಗೋನು. ಎರಡು ಬಿಂದು ನಾಲ್ಕು! ಎರಡು ಬಿಂದು ಏಳು!
ನೀರಿನ ಎತ್ತರಕ್ಕೆ ಒಂದು ಹೆಸರು ಬೇಕಿತ್ತು.
ಬೆರಳಲ್ಲಿ ಎಣಿಸಿದೆ. ಸರಿಯಾಗಿ ಆರು.
ಹೆಚ್ಚಿಲ್ಲ, ಕಡಿಮೆಯಿಲ್ಲ. ಇಟ್ಟುಬಿಟ್ಟೆ."

ಆರೂ ಕೂಡಿಬಂದ ಖುಷಿಯಲ್ಲಿ
ಮೊದಲನೆಯದು ಎಮ್ ಎನ್ನುವುದು ಕಣ್ಣಿಗೆ ಬೀಳಲಿಲ್ಲ.

ಹಿಮ ಬೇಗ ಕರಗಿದ ಆ ಏಪ್ರಿಲ್‌ನಲ್ಲಿ
ಅವನು ಕೂಗಿದ್ದು ಮೂರು ಬಿಂದು ಒಂಬತ್ತು.
ಯಂತ್ರ ಮೂರು ಇಟ್ಟುಕೊಂಡಿತು.
ಬೈಯಲಿಲ್ಲ, ಎಚ್ಚರಿಸಲಿಲ್ಲ,
ಉಗುರು ತೆಗೆದ ಹಾಗೆ ಒಂಬತ್ತನ್ನು ತೆಗೆದು ಹಾಕಿತು.
ರಾತ್ರಿ ತಗ್ಗಿನ ಕೇರಿಯ ನೆಲಮಾಳಿಗೆಗಳಿಗೆ ನೀರು,
ನೆಲದಲ್ಲಿ ಹೂತ ದ್ರಾಕ್ಷಿಮದ್ಯದ ಹಂಡೆಗಳಿಗೆ ಹೊಳೆಯ ಕೆಸರು.
ಯಾರೂ ಸಾಯಲಿಲ್ಲ. ಮದುವೆಯೊಂದು ಮುಂದೆ ಹೋಯಿತು.
ವಿಚಾರಣೆಯಲ್ಲಿ ಎಲ್ಲರೂ ದೋಣಿಯವನ ಮುಖ ನೋಡಿದರು.
"ಅವನು ಸರಿಯಾಗೇ ಕೂಗಿದ. ಒಂಬತ್ತು ಬಿದ್ದುಹೋದದ್ದು ನನ್ನ ಕೈಯಿಂದ."
ಮತ್ತೆ ಆ ಹೆಸರು ಯಾಕೆ, ಎಂದರೆ
ಕಡತದಲ್ಲಿ ಎರಡು ಸಾಲು ಖಾಲಿ.

ಪರಿಹಾರ ಆ ಕಾಲದವರಿಗೆಲ್ಲ ಗೊತ್ತು:
ತಲೆಗೊಂದು ಎಕ್ಸ್ ಇಟ್ಟರೆ ಇಡಿಯಾದದ್ದು ಭಿನ್ನವಾಗುತ್ತದೆ.
ಇಟ್ಟಳು. ಏಳಾಯಿತು.
ಬಾಲದ ಎನ್ ಬಾಗಿಲ ಹೊರಗೆ ಉಳಿಯಿತು.

"ಆಮೇಲೆ?"
ಮಡಿಲ ಸಿಪ್ಪೆ ಕೊಡವಿ ಎದ್ದಳು. ಒಲೆಯ ಮೇಲೆ ಏನೋ ಉಕ್ಕುತ್ತಿತ್ತು.

ಹೊಸ ಭಾಷೆಯಲ್ಲಿ ಹೆಸರು ಎಷ್ಟುದ್ದ ಬೇಕಾದರೂ ಇರಬಹುದು,
ನಮ್ಮ ಲಿಪಿಯಲ್ಲೂ ಇರಬಹುದು. ಯಾವುದು ಇಡಿ, ಯಾವುದು ಭಿನ್ನ,
ಪಕ್ಕದಲ್ಲಿ ಬರೆದರಾಯಿತು, ಮೊದಲಕ್ಷರದ ಹಂಗಿಲ್ಲ.
"ಹೆಸರೇ ಅರ್ಥ ಹೇಳಬೇಕು," ಎಂದು ಬದ್ರಿ
ಕೆಂಪು ಗುರುತು ಹಾಕಿ ಕಳಿಸಿದ. ನೀರಿನ ಎತ್ತರ ಎಂದು ಟೈಪಿಸಿ
ಪದಗಳ ನಡುವೆ ಕೆಳಗೆರೆ ಎಳೆದೆ.
ನಾನ್ನೂರ ಹನ್ನೊಂದೂ ಒಂದೇ ಒತ್ತಿಗೆ ಬದಲಾದವು.
ಪರೀಕ್ಷೆಗೆ ಮೂರು ಬಿಂದು ಒಂಬತ್ತು ಕೊಟ್ಟೆ,
ಹಾಗೇ ವಾಪಸ್ ಬಂತು. ಚಹಾ ಆರಿತ್ತು, ಕುಡಿದೆ.

ಏಪ್ರಿಲ್‌ನಲ್ಲಿ ಝುಝುನಾ ಫೋನ್ ಮಾಡಿದಳು.
ಹಿಮ ಕರಗುತ್ತಿದೆ ಅಲ್ವಾ, ಅಂದಳು. ಹೂಂ.
ಹೇಗಿದೆ, ಅಂದಳೋ. ಹೇಗಿದ್ದಾನೆ, ಅಂದಳೋ.
ನಮ್ಮ ಮಾತಿನಲ್ಲಿ ಅವನು, ಅವಳು, ಅದು,
ಮೂರಕ್ಕೂ ಒಂದೇ ಪದ.
ಕಿಟಕಿಯಾಚೆ, ಸೇತುವೆ ಕಾಲಿಗೆ ಕಟ್ಟಿದ ಪೆಟ್ಟಿಗೆ
ಯಾರಿಗೂ ಕೂಗದೆ ಹಸಿರು ಮಿನುಗುತ್ತಿತ್ತು.

ಎರಡು ಬಿಂದು ಆರು, ಅಂದೆ.