ಸಾವಿರದ ನಾಲ್ಕು

ಮೊಖೊತ್ಲೋಂಗಿನಲ್ಲಿ ಜುಲೈ ಎಂದರೆ ಹಿಮ.
ಆಸ್ಪತ್ರೆಯ ಹಿಂದಣ ಕೋಣೆ, ಹಿಂದೆ ಬಟ್ಟೆ ಒಗೆಯುತ್ತಿದ್ದದ್ದು,
ಈಗ ಎರಡು ಸರ್ವರು, ಒಂದು ಸ್ವಿಚ್ಚು, ಕಾಲು ಮುರಿದ ಕುರ್ಚಿ.
ಊರೆಲ್ಲ ಮರಗಟ್ಟಿದಾಗಲೂ ಈ ಒಂದು ಗೋಡೆ ಬೆಚ್ಚಗೆ.
ರಾತ್ರಿಪಾಳಿಯ ನರ್ಸುಗಳು ಕಂಬಳಿ ಒಣಗಿಸಲು ಬರುತ್ತಾರೆ.
ಮಾಲಿನೇಯೊ ಬೇಡವೆನ್ನುವುದಿಲ್ಲ,
ಗಾಳಿಕಿಂಡಿಗೆ ಅಡ್ಡ ಬರದಿದ್ದರೆ ಸರಿ.

ಸೋಮವಾರ ಮಸೇರುವಿನಿಂದ ಪಟ್ಟಿ ಬಂತು:
ಬಿಟ್ಟುಹೋದವರು, ವರ್ಗವಾದವರು, ತೀರಿಕೊಂಡವರು,
ಖಾತೆ ಅಳಿಸಿ, ಅಳಿಸಿದ್ದಕ್ಕೆ ಸಹಿ ಮಾಡಿ ಕಳಿಸಿ.
ಹನ್ನೊಂದು ಹೆಸರು. ಒಂಬತ್ತನೆಯದು ತ್ಸೆಲಿಸೊ,
ಅವಳಿಗೆ ಈ ಕಸುಬು ಕಲಿಸಿದವನು.
ಬೆರಳು ತಡೆಯಿತು ಎಂದು ಬರೆದರೆ ಸುಳ್ಳು.
ತಡೆಯಲಿಲ್ಲ. ಹನ್ನೊಂದೂ ಒಂದೇ ಏಟಿಗೆ.
ಆಮೇಲೆ ಚಹಾ ಕುಡಿದಳು.

ಗುರುವಾರ ಲಿನಕಾನೆಂಗಿನ ಕ್ಲಿನಿಕ್ಕಿನಿಂದ ಫೋನು:
ಮೂರು ದಿನವಾಯ್ತು, ಕಫದ ಫಲಿತಾಂಶ ಒಂದೂ ಬಂದಿಲ್ಲ,
ಇಲ್ಲೊಬ್ಬ ಕುರಿ ಕಾಯುವ ಹುಡುಗ ಕೆಮ್ಮುತ್ತ ಕೂತಿದ್ದಾನೆ,
ಮಾತ್ರೆ ಕೊಡಲೋ, ಬೇಡವೋ?

ಅಂಚೆಯ ಸರದಿ ನೋಡಿದಳು, ಖಾಲಿ.
ಡಿಎನ್‌ಎಸ್ ಕೇಳಿದ ಹೆಸರಿಗೆಲ್ಲ ವಿಳಾಸ ಹೇಳುತ್ತಿದೆ.
ಫೈರ್‌ವಾಲ್ ಯಾರನ್ನೂ ತಡೆದಿಲ್ಲ. ಡಿಸ್ಕಿನಲ್ಲಿ ಜಾಗವಿದೆ.
ಎಲ್ಲ ಸೇವೆಯೂ ಹಸಿರು.
ನಾಡಿ ಸರಿ, ಜ್ವರವಿಲ್ಲ, ರೋಗಿ ಮಾತ್ರ ಏಳುತ್ತಿಲ್ಲ.

ಕೊನೆಗೆ ಲಾಗ್. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು
ಸಾಲು ಸಾಲು ಇಳಿದಳು. ಕ್ರಾನ್ ಬರೆದಿಟ್ಟಿತ್ತು,
ನಿಮಿಷಕ್ಕೊಮ್ಮೆ ಎದ್ದು ಗಡಿಯಾರ ನೋಡುವ ಆ ಮುದುಕ,
ತನಗೆ ಗೊತ್ತಿರುವ ಒಂದೇ ಒಣ ದನಿಯಲ್ಲಿ:
ತ್ಸೆಲಿಸೊ. ಅನಾಥ. ಕಡತದಲ್ಲಿ ಹೆಸರಿಲ್ಲ.

ಅನಾಥ.
ಯಾವ ಕಾಲದಲ್ಲೋ, ಯಾವ ದೇಶದಲ್ಲೋ ಕೂತು
ಯಾರೋ ಆ ಪದ ಆಯ್ದು ಹಾಗೇ ಬಿಟ್ಟಿದ್ದರು.

ಅವನ ಕಡತಗಳನ್ನು ಬಿಚ್ಚಿದಳು. ಒಡೆಯನ ಹೆಸರಿದ್ದಲ್ಲಿ
ಈಗ ಬರಿಯ ಅಂಕಿ: ೧೦೦೪, ೧೦೦೪, ೧೦೦೪.
ಯಂತ್ರಕ್ಕೆ ಮೊದಲಿನಿಂದಲೂ ಗೊತ್ತಿದ್ದದ್ದು ಇಷ್ಟೇ.
ಹೆಸರು, ನಮಗೆ ಚಳಿಯಾಗದಿರಲೆಂದು
ಅದರ ಮೇಲೆ ಹೊದಿಸಿದ ಕಂಬಳಿ.

ಸ್ಕ್ರಿಪ್ಟಿನ ತಲೆಯಲ್ಲಿ ಅವನದೇ ಟಿಪ್ಪಣಿ:
‘ಎರಡು ಹತ್ತಕ್ಕೇ ಓಡಿಸಿ, ಎರಡಕ್ಕಲ್ಲ.
ಎರಡಕ್ಕೆ ಜನರೇಟರ್ ಬದಲಾಗುತ್ತದೆ,
ಸ್ವಿಚ್ಚು ಮತ್ತೆ ಏಳಲು ಎಂಟು ನಿಮಿಷ.
ಉಳಿದೆರಡು ದೇವರಿಗೆ.’

ಮೊದಲು ರೂಟ್ ಆಗಿ ತಾನೇ ಓಡಿಸಿದಳು.
ಮೂರು ದಿನದ ಫಲಿತಾಂಶ ಬೆಟ್ಟ ಹತ್ತಿತು.
ಹುಡುಗನಿಗೆ ಇತ್ತು. ಮಾತ್ರೆ ಶುರು.

ಇನ್ನು ರಾತ್ರಿಯ ಪಾಡು.
ಅದೇ ಅಂಕಿಗೆ ಹೊಸ ಹೆಸರು ಕೊಟ್ಟರೆ ಸಾಕು,
ಕಡತಗಳೆಲ್ಲ ಚಕಾರವೆತ್ತದೆ ಅದರದಾಗುತ್ತವೆ.
ಇಲ್ಲಿ ನಿಂತಿತು ಬೆರಳು.

ತ್ಸೆಲಿಸೊ ಎಂದರೆ ಸಮಾಧಾನ,
ಒಂದು ಮಗು ಹೋದ ಮೇಲೆ ಹುಟ್ಟಿದ ಮಗುವಿಗೆ ಇಡುವ ಹೆಸರು.
ಅವಳ ಹೆಸರೂ ಅತ್ತೆಮನೆಯಲ್ಲಿ ಇಟ್ಟದ್ದೇ,
ಲಿನೇಯೊಳ ತಾಯಿ ಎಂದು,
ಲಿನೇಯೊ ಹುಟ್ಟುವುದಕ್ಕೆ ನಾಲ್ಕು ವರ್ಷ ಮುಂಚೆ.
ಆ ನಾಲ್ಕು ವರ್ಷ ಯಾರು ಕರೆದರೂ
ಇಲ್ಲದವಳೊಬ್ಬಳ ಪರವಾಗಿ ಓಗೊಟ್ಟಿದ್ದಳು.

ಲಿತಾಬಾ, ಎಂದು ಟೈಪಿಸಿದಳು.
ಸುದ್ದಿ ಎಂದರ್ಥ. ದಾರಿಯಲ್ಲಿ ಸಿಕ್ಕವರು
ಏನು ಸಮಾಚಾರ ಎಂದು ಕೇಳುವ ಪದ.
ಪಾಸ್‌ವರ್ಡ್ ಇಲ್ಲ, ಶೆಲ್ ಇಲ್ಲ, ಒಳಬರಲು ಬಾಗಿಲಿಲ್ಲ.
ಕೆಲಸ ಒಂದೇ. ಟಿಪ್ಪಣಿಯ ಒಂದಕ್ಷರ ಮುಟ್ಟಲಿಲ್ಲ.

ಎರಡಕ್ಕೆ ದೀಪ ಹೋಯಿತು.
ಕತ್ತಲಲ್ಲಿ ಬ್ಯಾಟರಿಯ ಕೀರಲು, ಬೈಗುಳದಂತೆ.
ಸ್ವಿಚ್ಚು ಏಳಲು ಒಂಬತ್ತು ನಿಮಿಷ ತೆಗೆದುಕೊಂಡಿತು,
ಅದಕ್ಕೂ ವಯಸ್ಸಾಗಿದೆ.
ದೇವರಿಗೆ ಒಂದೇ ನಿಮಿಷ ಉಳಿಯಿತು.

ಎರಡು ಹತ್ತು. ಲಾಗಿನಲ್ಲಿ ಹೊಸ ಸಾಲು.
ಕಂಬಳಿ ಒಯ್ಯಲು ಬಂದ ನರ್ಸು ಕೇಳಿದಳು,
ಇನ್ನೂ ಮಲಗಿಲ್ಲವಾ, ಏನು ಸಮಾಚಾರ?
ಹೋಯಿತು, ಎಂದಳು ಮಾಲಿನೇಯೊ.
ಯಾರು, ಎಂದು ಗಾಬರಿಯಾದಳು ನರ್ಸು,
ಈ ಆಸ್ಪತ್ರೆಯಲ್ಲಿ ಆ ಮಾತಿಗೆ ಒಂದೇ ಅರ್ಥ.