೨೯೪ ಮತ್ತು ೨೯೭ರ ನಡುವೆ

ಹಾವೇರಿಯ ನಮ್ಮ ಕಾಲೇಜಿನ ಗ್ರಂಥಾಲಯ
ಹನ್ನೊಂದಕ್ಕೆ ತೆಗೆಯುತ್ತದೆ, ಫಕೀರಪ್ಪ ಬಂದರೆ.
ಬಾಗಿಲು ನೂಕಿದರೆ ಮೊದಲು ನುಸಿಗುಳಿಗೆಯ ವಾಸನೆ,
ಆಮೇಲೆ ಹಿಂದಿನ ಗೋದಾಮಿನ ಮೆಣಸಿನಕಾಯಿ ಘಾಟು.
ಓದಲು ಕೂತವರೆಲ್ಲ, ಯಾವ ದೇವರವರೇ ಆಗಲಿ,
ಒಂದೇ ಸಮ ಸೀನುತ್ತಾರೆ.

"ಮೂಲ ಎಲ್ಲಿ?" ಎಂದು ಬರೆದಿದ್ದರು ಗೈಡು
ಎರಡನೆಯ ಅಧ್ಯಾಯದ ಅಂಚಿನಲ್ಲಿ, ಕೆಂಪು ಶಾಯಿ.
"ಅಜ್ಜಿ ಹೇಳಿದಳು ಅನ್ನೋದು ಆಕರ ಅಲ್ಲ, ದಾಕ್ಷಾಯಿಣಿ."

ನನಗೆ ಬೇಕಿದ್ದದ್ದು ಮೊಹರಮ್ಮಿನ ಒಂದು ಪದ.
ನಮ್ಮೂರಲ್ಲಿ ಅಲಾಯಿ ಕುಣಿಯ ಸುತ್ತ
ಹೆಜ್ಜೆ ಹಾಕುತ್ತ ಹೇಳುತ್ತಿದ್ದರು,
ಹಣೆಗೆ ವಿಭೂತಿ ಇದ್ದವರೂ ಇರದವರೂ.

ಕಂಪ್ಯೂಟರಿನಲ್ಲಿ 'ಮೊಹರಂ' ಅಂದೆ: ಸೊನ್ನೆ.
'ಮೊಹರಮ್' ಅಂದೆ, 'ಮುಹರ್ರಂ' ಅಂದೆ, 'ಅಲಾಯಿ' ಅಂದೆ.
ಸಿಟ್ಟಿಗೆದ್ದು, ಸೋಗಿನ ನೆನಪಾಗಿ, 'ಹುಲಿ' ಅಂದೆ.
ಪ್ರಾಣಿಶಾಸ್ತ್ರದ ಮೂರು ಪುಸ್ತಕ ತೋರಿಸಿತು.

ಕಲಕೋಟಿ ಮೇಡಂ ಕನ್ನಡಕ ಏರಿಸಿದರು:
"ಇನ್ನೂರರ ಸಾಲಿಗೆ ಹೋಗು, ಇನ್ನೂರು ಅಂದ್ರ ದೇವರು.
ಸಿಗಲಿಲ್ಲಾ, ಮುನ್ನೂರಾ ತೊಂಬತ್ತೆಂಟು. ಅದು ಜನ."
ದೇವರಿಗೂ ಜನಕ್ಕೂ ನಡುವೆ ಐದು ಕಪಾಟು:
ಚುನಾವಣೆ, ಬ್ಯಾಂಕು, ಕಾಯ್ದೆ,
ಎರಡು ತುಂಬ ಬಿ.ಎಡ್. ಗೈಡುಗಳು.

೨೯೪ ಭಾರ ತಾಳದೆ ಬಾಗಿತ್ತು, ಕೆಳಗೆ ಇಟ್ಟಿಗೆ ಒಡ್ಡಿದ್ದರು.
೨೯೭ರಲ್ಲಿ ಏಳೇ ಪುಸ್ತಕ, ಒಂದಕ್ಕೊಂದು ಒರಗಿಕೊಂಡು,
ಕೊನೆಯ ಬಸ್ಸಿನಲ್ಲಿ ನಿದ್ದೆಹೋದವರ ಹಾಗೆ.
ನಡುವಿನ ಸಂಖ್ಯೆಗಳ ದೇವರು
ಹಾವೇರಿಯವರೆಗೆ ಬಂದಿರಲೇ ಇಲ್ಲ.
ಅಲ್ಲಿ ಎರಡು ಗೇಣು ಖಾಲಿ.
ಆ ಖಾಲಿಯಲ್ಲಿ ಫಕೀರಪ್ಪನ ಬುತ್ತಿ.

ಬುತ್ತಿಯ ಅಡಿಗೆ ಒಂದು ಉದ್ದನೆಯ ವಹಿ.
"ಅದು ಬುಕ್ಕಲ್ರೀ, ನಂಬರಿಲ್ಲ ಅದಕ್ಕ."
ಯಾವುದೋ ಶಾಲಿಯ ಮಾಸ್ತರರ ಮನೆಯಿಂದ ಗಂಟಿನಲ್ಲಿ ಬಂದದ್ದು.
ಹಿಂದಿನ ಗ್ರಂಥಪಾಲಕರು ೨೯೪ ಬರೆದು ಹೊಡೆದುಹಾಕಿ,
೨೯೭ ಬರೆದು ಅದನ್ನೂ ಹೊಡೆದುಹಾಕಿ,
ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯ ಕೊಕ್ಕೆ ಹಾಕಿ,
ಅದನ್ನು ವರ್ಗ ಮಾಡಲಾಗದೆ
ತಾವೇ ವರ್ಗವಾಗಿ ಕಾರವಾರಕ್ಕೆ ಹೋದರಂತೆ.

ಹದಿನಾರನೆಯ ಹಾಳೆಯಲ್ಲಿ ನನ್ನ ಪದ.
'ನೀರ ಬೇಡಿದ ಕೂಸಿಗೆ'
ಮುಂದೆ ತೂತು.
ಹುಳ ಅಕ್ಷರ ತಿಂದು ಆಚೆ ದಾಟಿತ್ತು.
ತೂತಿನಲ್ಲಿ ಕಂಡದ್ದು ಮುಂದಿನ ಹಾಳೆಯ
ಎಮ್ಮೆ ಔಷಧದ ಲೆಕ್ಕ, ಒಂದೂಕಾಲು ರೂಪಾಯಿ.

ನಮ್ಮಜ್ಜಿ ಹೇಳುತ್ತಿದ್ದದ್ದು: ಹಾಲ ಕೊಟ್ಟೇವ.
ಹಬ್ಬ ಮುಗಿದ ಬೆಳಿಗ್ಗೆ ಕೊಡ ಹೊತ್ತು
ಕುಣಿಯ ಕೆಂಡಕ್ಕೆ ನೀರು ಹೊಯ್ದು ಬರುವವಳು.
ಯಾವ ಕೂಸವ್ವ ಅಂದರೆ ಗೊತ್ತಿರಲಿಲ್ಲ.
ಅಳತಿತ್ತಲ್ಲ, ಅನ್ನುವಳು.

ಫಕೀರಪ್ಪ ರೊಟ್ಟಿ ಮುರಿಯುತ್ತ ಬಗ್ಗಿ ನೋಡಿದ.
"ನಮ್ಮ ಕಡೆ ಹಂಗಲ್ಲ ಬಾಯೀ. ಬಾಣ ಕೊಟ್ಟಾರ."
ಎಂದವನು 'ಮೌನ ಕಾಪಾಡಿ' ಹಲಗೆಯ ಕೆಳಗೇ
ಸಣ್ಣ ದನಿಯಲ್ಲಿ ಎತ್ತಿಕೊಂಡ.
ಚಪ್ಪಲಿ ಕಳಚಿದ ಬಲಗಾಲು
ಮೇಜಿನ ಅಡಿಗೆ ತನ್ನಷ್ಟಕ್ಕೆ ಹೆಜ್ಜೆ ಹಾಕುತ್ತಿತ್ತು.
ಪಿ.ಎಸ್.ಐ. ಪರೀಕ್ಷೆಗೆ ಓದುವ ಹುಡುಗರು ತಲೆ ಎತ್ತಿದರು.
ಮೇಡಂ ಗಂಟೆ ಒತ್ತಲಿಲ್ಲ.
ಪಂಕ ನಿಂತಿತ್ತು, ಕರೆಂಟು ಯಾವಾಗ ಹೋಯಿತೋ.

ಈ ಹೆಸರು ಯಾರು ಇಟ್ಟದ್ದು, ಕೇಳಿದೆ.
"ನಮ್ಮವ್ವ. ದರ್ಗಾಕ್ಕ ಹರಕಿ ಹೊತ್ತಿದ್ದಳು.
ಮೂರು ಹೋದಮ್ಯಾಲ ಉಳದಾಂವ ನಾ."
ಚಟ್ನಿಪುಡಿ ಮುಂದೆ ನೂಕಿದ: "ತಗೋರಿ, ಗುರೆಳ್ಳು."

ಅಡಿಟಿಪ್ಪಣಿ ಹನ್ನೆರಡು:
ಹೆಸರಿಲ್ಲದ ಕೈಬರಹ, ಹಾಳೆ ಹದಿನಾರು, ತೂತು.
ಹದಿಮೂರು:
ಫಕೀರಪ್ಪ ಹಿತ್ತಲಮನಿ, ಊಟದ ಹೊತ್ತು.
ಹದಿನಾಲ್ಕು: ಅಜ್ಜಿ. ಈ ಸಲ ಹೆಸರು ಹಾಕಿದೆ, ಗೌರವ್ವ.
ಮರಳಿ ಬಂದ ಪ್ರತಿಯಲ್ಲಿ ಅದೇ ಕೆಂಪು:
"ಮೂರರಲ್ಲಿ ಯಾವುದು ಮೂಲ?"

ಇನ್ನೂ ಬರೆದಿಲ್ಲ.
ನಿನ್ನೆ ಹೋದಾಗ ಬುತ್ತಿ ಕಿಟಕಿಯ ಮೇಲಿತ್ತು.
ಎರಡು ಗೇಣು ಜಾಗದಲ್ಲಿ ವಹಿಯೊಂದೇ, ನಿಲ್ಲಿಸಿಟ್ಟಿದ್ದ.
ರಟ್ಟಿನ ಮೇಲೆ ಡಬ್ಬಿಯ ಎಣ್ಣೆ ಒಸರಿ
ಮೂಡಿದ ದುಂಡನೆಯ ಕಲೆ,
ಗ್ರಂಥಾಲಯದ ಮುದ್ರೆಯಷ್ಟೇ ಅಗಲ.